ಒಬ್ಬನೇ ಹತ್ತಿದೆ ಅಂದವನನ್ನ ನಂಬೋದು ಹೇಗೆ?

ನಮ್ಮ ಕಸುಬಿಗೆ ಒಂದು ಕಾಯಿಲೆ ಇದೆ. ಪರದೆಯ ಕೆಳಗೆ ಕೆಂಪು ಪಟ್ಟಿ ಓಡುತ್ತೆ, 'ಮೊದಲು ನಮ್ಮಲ್ಲೇ' ಅಂತ. ಅದೇ ಹೊತ್ತಿಗೆ ಪಕ್ಕದ ಚಾನೆಲ್ಲಿನಲ್ಲೂ ಅದೇ ಪಟ್ಟಿ ಓಡ್ತಾ ಇರುತ್ತೆ. ಇಬ್ಬರೂ ಮೊದಲಿಗರಾಗಿದ್ದು ಹೇಗೆ ಅಂತ ನೀವು ಕೇಳಿಲ್ಲ, ನಾವೂ ಹೇಳಿಲ್ಲ. ಈ 'ಮೊದಲು' ಅನ್ನೋ ಪದಕ್ಕಾಗಿ ಆಲ್ಪ್ಸ್ ಪರ್ವತದ ತಪ್ಪಲಲ್ಲಿ ಒಂದು ಜಗಳ ನೂರಾರು ವರ್ಷ ನಡೆಯಿತು. ಇವತ್ತು ಆ ಕಥೆ.

ಶುರು ಮಾಡೋದು ಇತ್ತೀಚಿನ ಘಟನೆಯಿಂದ. 2013ರ ಜುಲೈ 11. ಫ್ರಾನ್ಸಿನ ಶಾಮೊನಿ ಎಂಬ ಊರಿನ ಚರ್ಚಿನ ಮುಂದಿನಿಂದ ಕಿಲಿಯನ್ ಜೋರ್ನೆಟ್ ಎಂಬ ಓಟಗಾರ ಹೊರಟ. ಸುಮಾರು 4,800 ಮೀಟರ್ ಎತ್ತರದ ಮಾಂಟ್ ಬ್ಲಾಂಕ್ ಶಿಖರ ಮುಟ್ಟಿ ಮತ್ತೆ ಅದೇ ಚರ್ಚಿಗೆ ಬಂದ. ತಗೊಂಡ ಸಮಯ 4 ಗಂಟೆ 57 ನಿಮಿಷ 40 ಸೆಕೆಂಡ್. ಜೊತೆಗಿದ್ದವನು ಇಳಿಯುವಾಗ ಬಿದ್ದು ಹಿಂದೆ ಉಳಿದ, ಕೊನೆಯ ದಾರಿಯನ್ನ ಈತ ಒಬ್ಬನೇ ಓಡಿದ. ಮುಂದಿನ ತಿಂಗಳು 21ಕ್ಕೆ ಇಟಲಿಯ ಕಡೆಯಿಂದ ಮ್ಯಾಟರ್‌ಹಾರ್ನ್ ಹತ್ತಿ ಇಳಿದ. 2 ಗಂಟೆ 52 ನಿಮಿಷ 2 ಸೆಕೆಂಡ್. ಅದಕ್ಕೂ ಮುಂಚಿನ ದಾಖಲೆ 1995ರಲ್ಲಿ ಬ್ರೂನೊ ಬ್ರೂನೊದ್ ಎಂಬ ಇಟಲಿಯವನದು, 3 ಗಂಟೆ 14 ನಿಮಿಷ 44 ಸೆಕೆಂಡ್.

ಇವತ್ತು ಬೆಟ್ಟದಲ್ಲಿ ಒಂಟಿಯಾಗಿ ಓಡುವವನ ಕೈಗಡಿಯಾರ ಉಪಗ್ರಹಗಳ ಸಂಕೇತ ಹಿಡಿಯುತ್ತೆ, ಅದರೊಳಗಿನ ಪುಟ್ಟ ಚಿಪ್ ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತೆ. ಎಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಈ ಸಣ್ಣ ವಿಷಯಗಳ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ, ಕ್ಷಮಿಸಿ. ಆದರೆ ಗಡಿಯಾರವೇ ಸಾಕ್ಷಿ ಹೇಳದ ಕಾಲದಲ್ಲಿ ಏನಾಗ್ತಿತ್ತು?

1760ರಲ್ಲಿ ಜಿನೀವಾದ ಸೊಸ್ಸೂರ್ ಎಂಬ 20 ವರ್ಷದ ಹುಡುಗ ಶಾಮೊನಿಗೆ ಬಂದ. ಮುಂದೆ ದೊಡ್ಡ ವಿಜ್ಞಾನಿಯಾದವನು. ಮಾಂಟ್ ಬ್ಲಾಂಕ್ ತುದಿಗೆ ದಾರಿ ಹುಡುಕಿದವರಿಗೆ ಬಹುಮಾನ ಕೊಡ್ತೀನಿ ಅಂತ ಘೋಷಿಸಿದ. 26 ವರ್ಷ ಯಾರಿಗೂ ಆಗಲಿಲ್ಲ. ಹಿಮದ ಮೇಲೆ ರಾತ್ರಿ ಮಲಗಿದವನು ಬೆಳಗ್ಗೆ ಏಳಲ್ಲ ಅನ್ನೋ ನಂಬಿಕೆಯೂ ಊರಲ್ಲಿ ಗಟ್ಟಿಯಾಗಿತ್ತು.

ಆ ನಂಬಿಕೆ ಮುರಿದಿದ್ದು ಒಬ್ಬಂಟಿ. ಜಾಕ್ ಬಾಲ್ಮಾ, 24 ವರ್ಷ, ಬೆಟ್ಟದಲ್ಲಿ ಸ್ಫಟಿಕದ ಕಲ್ಲು ಹುಡುಕಿ ಮಾರುವವನು. 1786ರ ಜೂನ್‌ನಲ್ಲಿ ಉಳಿದವರು ವಾಪಸ್ ಹೋದ ಮೇಲೆ ಹಿಮದ ಮೇಲೆ ಒಬ್ಬನೇ ರಾತ್ರಿ ಕಳೆದ. ಬದುಕಿ ಬಂದ! ಈ ಧೈರ್ಯ ಪೂರ್ತಿ ಅವನದೇ, ಅದನ್ನ ಕಿತ್ತುಕೊಳ್ಳೋ ಹಕ್ಕು ಯಾರಿಗೂ ಇಲ್ಲ.

ಆಗಸ್ಟ್ 7ಕ್ಕೆ ಅವನು ಮತ್ತೆ ಹೊರಟ, ಈ ಸಲ ಊರಿನ ಡಾಕ್ಟರ್ ಮಿಷೆಲ್ ಪಕ್ಕಾರ್ ಜೊತೆ. ಡಾಕ್ಟರಿಗೆ 29 ವರ್ಷ, ಎಷ್ಟೋ ದಿನದಿಂದ ದೂರದರ್ಶಕದಲ್ಲಿ ದಾರಿ ನೋಡಿಟ್ಟಿದ್ದವನು. ಹಗ್ಗ ಇಲ್ಲ, ಹಿಮಗೊಡಲಿ ಇಲ್ಲ. ಇದ್ದದ್ದು ಉದ್ದನೆ ಕೋಲು, ಜೊತೆಗೆ ಪಕ್ಕಾರ್‌ನ ಪಾದರಸದ ವಾಯುಭಾರಮಾಪಕ. ಇವತ್ತಿನ ಗಡಿಯಾರದ ಚಿಪ್ ಮಾಡೋ ಕೆಲಸಕ್ಕೆ ಅವತ್ತು ಗಾಜಿನ ಕೊಳವೆಯನ್ನ ಒಡೆಯದಂತೆ ಹೊತ್ತು ನಡೀಬೇಕಿತ್ತು. ರಾತ್ರಿ ಬಂಡೆಯ ಮರೆಯಲ್ಲಿ ಮಲಗಿ, ಬೆಳಗಿನ ಜಾವ 4ಕ್ಕೆ ಎದ್ದು ಹೊರಟರು. ಆಗಸ್ಟ್ 8ರ ಸಂಜೆ 6.23ಕ್ಕೆ ಇಬ್ಬರೂ ತುದಿಯಲ್ಲಿದ್ದರು.

ಸಮಯ ಇಷ್ಟು ನಿಖರವಾಗಿ ಹೇಗೆ ಗೊತ್ತು? ಕೆಳಗೆ ಕಣಿವೆಯಲ್ಲಿ ಗೆರ್ಸ್‌ಡಾರ್ಫ್ ಎಂಬ ಜರ್ಮನ್ ಪ್ರವಾಸಿ ದೂರದರ್ಶಕ ಹಿಡಿದು ನೋಡ್ತಾ ಇದ್ದ. ಕಂಡಿದ್ದನ್ನ ಡೈರಿಯಲ್ಲಿ ಬರೆದ, ಅವರು ಹೋದ ದಾರಿಯ ಚಿತ್ರವನ್ನೂ ಬಿಡಿಸಿಟ್ಟ. ಈ ಡೈರಿಯನ್ನ ನೆನಪಿಟ್ಟುಕೊಳ್ಳಿ.

ಇಳಿದು ಬರುವಾಗ ಹಿಮದ ಬೆಳಕಿಗೆ ಪಕ್ಕಾರ್‌ಗೆ ಕಣ್ಣು ಕಾಣದಂತಾಗಿತ್ತು, ಬಾಲ್ಮಾ ದಾರಿ ತೋರಿಸಿದ. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ವಾ? ಆದರೆ ಬೂರಿ ಅಂತ ಒಬ್ಬ ಇದ್ದ. ಜಿನೀವಾದ ಚರ್ಚಿನಲ್ಲಿ ಹಾಡುಗಾರ, ಚಿತ್ರಕಾರ, ಪ್ರವಾಸ ಲೇಖಕ. ತಾನೇ ಹತ್ತಲು ಹೋಗಿ ಸೋತವನು. ಕೆಲವೇ ವಾರಗಳಲ್ಲಿ ಪತ್ರ ಬರೆದು ಅಚ್ಚು ಹಾಕಿಸಿದ: ನಿಜವಾದ ವೀರ ಬಾಲ್ಮಾ, ಡಾಕ್ಟರನ್ನ ಎಳೆದುಕೊಂಡು ಹೋಗಿದ್ದು ಅವನೇ ಅಂತ. ಪಕ್ಕಾರ್ ಸುಮ್ಮನಿರಲಿಲ್ಲ. ಬಾಲ್ಮಾನೇ ಸಹಿ ಮಾಡಿದ ಹೇಳಿಕೆಯನ್ನ ಪತ್ರಿಕೆಗೆ ಕೊಟ್ಟ. ಬರೀತೀನಿ ಅಂದಿದ್ದ ಪುಸ್ತಕ ಮಾತ್ರ ಹೊರಗೆ ಬರಲೇ ಇಲ್ಲ. ನನ್ನ ಪ್ರಕಾರ ಅವನು ಸೋತಿದ್ದು ಅಲ್ಲೇ. ಪ್ರಚಾರ ಮಾಡುವವನ ಎದುರು ಮೌನಿ ಗೆಲ್ಲೋದು ಕಷ್ಟ ಅನ್ನೋದನ್ನ ನಾನು ಸ್ಟುಡಿಯೋದಲ್ಲಿ ದಿನಾ ನೋಡ್ತೀನಿ. ಜಗಳದ ಮಧ್ಯೆ ಇನ್ನೊಂದು ಸೋಜಿಗ: ಪಕ್ಕಾರ್ ಮದುವೆಯಾಗಿದ್ದು ಬಾಲ್ಮಾನ ಸೋದರಿಯನ್ನೇ.

1787ರ ಆಗಸ್ಟ್ 3ಕ್ಕೆ ಸೊಸ್ಸೂರ್ ತಾನೇ ಶಿಖರ ಹತ್ತಿದ, ಬಾಲ್ಮಾ ಸೇರಿ 18 ಮಾರ್ಗದರ್ಶಿಗಳ ಜೊತೆ. ಬಾಲ್ಮಾನ ಹೆಸರು ಮನೆಮಾತಾಯಿತು. ಪಕ್ಕಾರ್ 1827ರಲ್ಲಿ ತೀರಿಕೊಂಡ. ಐದು ವರ್ಷದ ನಂತರ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಊರಿಗೆ ಬಂದಾಗ, 70ರ ಮುದುಕ ಬಾಲ್ಮಾ ಹೊಸ ಕಥೆ ಹೇಳಿದ. ತುದಿಗೆ ತಾನೊಬ್ಬನೇ ಹೋದದ್ದು, ಡಾಕ್ಟರ್ ಕೆಳಗೆ ಕುಸಿದು ಕೂತಿದ್ದ, ವಾಪಸ್ ಹೋಗಿ ಎತ್ತಿಕೊಂಡು ಬಂದೆ ಅಂತ. ಅಲ್ಲ ಅನ್ನೋಕೆ ಎದುರಿಗಿದ್ದವನು ಬದುಕಿರಲಿಲ್ಲ. ಡ್ಯೂಮಾ ಬರೆದ, ಯೂರೋಪ್ ಓದಿತು.

ಸಂದರ್ಶನ ಮಾಡುವವನಾಗಿ ಇಲ್ಲಿ ನನಗೆ ಮುಜುಗರ ಆಗುತ್ತೆ. ಮುದುಕ ಚೆನ್ನಾಗಿ ಮಾತಾಡ್ತಾನೆ, ಕಥೆ ಚೆನ್ನಾಗಿದೆ, ಅಡ್ಡಪ್ರಶ್ನೆ ಕೇಳಿದರೆ ಕಥೆ ಕೆಡುತ್ತೆ. ಡ್ಯೂಮಾ ಕೇಳಲಿಲ್ಲ. ನಾನಾಗಿದ್ದರೆ ಕೇಳ್ತಿದ್ದೆನಾ? ಗೊತ್ತಿಲ್ಲ.

ಬಾಲ್ಮಾ 1834ರಲ್ಲಿ ಚಿನ್ನ ಹುಡುಕಲು ಹೋಗಿ ಪ್ರಪಾತಕ್ಕೆ ಬಿದ್ದು ಸತ್ತ. 1887ರಲ್ಲಿ ಶಾಮೊನಿಯಲ್ಲಿ ಅವನ ಪ್ರತಿಮೆ ನಿಂತಿತು. ಪಕ್ಕಾರ್‌ಗೆ ಅದರಲ್ಲಿ ಜಾಗ ಇರಲಿಲ್ಲ. ಆಮೇಲೆ 20ನೇ ಶತಮಾನದ ಶುರುವಿನಲ್ಲಿ ಗೆರ್ಸ್‌ಡಾರ್ಫ್‌ನ ಡೈರಿ ಬೆಳಕಿಗೆ ಬಂತು. ದೂರದರ್ಶಕ ಹಿಡಿದವನು ಕಂಡಿದ್ದು ಮೇಲೆ ಹೋಗ್ತಿದ್ದ ಇಬ್ಬರನ್ನ. ಡಾಕ್ಟರ್ ಕೆಳಗೆ ಕುಸಿದು ಕೂತಿರಲಿಲ್ಲ, ಯಾರೂ ಯಾರನ್ನೂ ಹೊತ್ತು ತಂದಿರಲಿಲ್ಲ.

ಪಕ್ಕಾರ್‌ಗೂ ಪ್ರತಿಮೆ ಬಂತು, 1986ರಲ್ಲಿ, ಆರೋಹಣದ 200ನೇ ವರ್ಷಕ್ಕೆ. ಒಬ್ಬನೇ ಹತ್ತಿದೆ ಅಂದಿದ್ದ ಬಾಲ್ಮಾ ಅದೇ ಊರಿನಲ್ಲಿ ಸೊಸ್ಸೂರ್ ಪಕ್ಕದಲ್ಲಿ ನಿಂತು ಶಿಖರದ ಕಡೆ ಕೈ ತೋರಿಸುತ್ತಿದ್ದಾನೆ. ಡಾಕ್ಟರ್ ಬೇರೆ ಕಡೆ ಕೂತು ಅದೇ ಬೆಟ್ಟ ನೋಡುತ್ತಿದ್ದಾನೆ, ಒಬ್ಬನೇ.