ಒಂದು ಹಗಲಿನ ದೂರ

ನಮ್ಮ ಹಿಂದಿನವರು ದಾರಿಯನ್ನು ಅಳೆಯುತ್ತಿದ್ದುದು ಕಾಲಿನಿಂದ ಮತ್ತು ಹೊತ್ತಿನಿಂದ. ಕೂಗಳತೆ, ಹರಿದಾರಿ, ಗಾವುದ ಎಂಬ ಮಾತುಗಳು ಇನ್ನೂ ಹಳೆಯ ತಲೆಗಳ ನಾಲಗೆಯಿಂದ ಪೂರ್ತಿ ಜಾರಿಹೋಗಿಲ್ಲ. ಹರಿದಾರಿಯೆಂದರೆ ಸುಮಾರು ೩ ಮೈಲಿ. ಅಂತಹ ನಾಲ್ಕು ಹರಿದಾರಿ ಕೂಡಿದರೆ ಒಂದು ಗಾವುದ. ಕೋಳಿ ಕೂಗುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಹೊರಟವನು ಗಾವುದದೊಳಗಿನ ಊರಿಗೆ ಹೋಗಿ, ಬಂದ ಕೆಲಸ ಮುಗಿಸಿ, ದೀಪ ಹಚ್ಚುವ ವೇಳೆಗೋ ಅದಕ್ಕೆ ತುಸು ಮೀರಿಯೋ ತನ್ನ ಮನೆಯ ಜಗಲಿಯನ್ನು ಸೇರಬಹುದಾಗಿತ್ತು. ಪೇಟೆಗೆ ಬರುವ ಸೊಪ್ಪು, ಸೌದೆ, ಹಾಲು, ಹೂವು, ಹೆಣ್ಣು ಕೊಟ್ಟು ತಂದ ಬೀಗರು, ಹರಕೆ ಹೊತ್ತ ದೇವರು—ಇವೆಲ್ಲ ಬಹುಮಟ್ಟಿಗೆ ಈ ಒಂದು ಹಗಲಿನ ದೂರದೊಳಗೇ ಇರುತ್ತಿದ್ದವು. ಒಂದು ನಗರದ ಚರಿತ್ರೆಯನ್ನು ಅದರ ಕೋಟೆಯ ಗೋಡೆಯೊಳಗೆ ಮಾತ್ರ ಹುಡುಕಿದರೆ ಅರ್ಧ ಸಿಕ್ಕೀತು. ಉಳಿದರ್ಧ ಈ ವರ್ತುಲದಲ್ಲಿ ಹರಡಿಕೊಂಡಿರುತ್ತದೆ.

ಬೆಂಗಳೂರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಭಾನುವಾರ ಬಂತೆಂದರೆ ಈ ನಗರದ ಜನ ನಂದಿಗೋ ದೇವನಹಳ್ಳಿಗೋ ಸಾವನದುರ್ಗಕ್ಕೋ ಹೊರಡುತ್ತಾರೆ. ಹೋಗಿ, ಉಂಡು, ಚಿತ್ರ ತೆಗೆದುಕೊಂಡು, ಸಂಜೆಗೆ ಹಿಂದಿರುಗುತ್ತಾರೆ. ಇದು ಕೇವಲ ಬೇಸರ ಕಳೆಯುವ ಉಪಾಯವೆಂದು ತೋರಬಹುದು. ಆದರೆ ಈ ಸ್ಥಳಗಳೇ ಏಕೆ, ಈ ದಾರಿಗಳೇ ಏಕೆ ಎಂದು ಕೇಳಿದರೆ, ವಿಹಾರದ ದಾರಿಯೂ ಚರಿತ್ರೆಯ ದಾರಿಯೇ ಎಂಬುದು ವೇದ್ಯವಾಗುತ್ತದೆ.

ಮೊದಲು ಗಾವುದದೊಳಗಿನ ಒಂದು ಊರಿಗೆ ಹೋಗೋಣ. ಹಳೆಯ ಪೇಟೆಯಿಂದ ದಕ್ಷಿಣಕ್ಕೆ ಸುಮಾರು ೧೫ ಕಿಲೋಮೀಟರ್ ದೂರದಲ್ಲಿ ಬೇಗೂರು ಇದೆ. ಅಲ್ಲಿ ಗಂಗರ ಕಾಲದ ನಾಗನಾಥೇಶ್ವರ ದೇವಾಲಯವಿದೆ. ಬೆಂಗಳೂರಿನ ಹೆಸರಿನ ಬಗೆಗೆ ಎಲ್ಲರೂ ಬಲ್ಲ ಕಥೆಯೊಂದಿದೆ: ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟು ಹಸಿವು ಹಿಂಗಿಸಿದಳು, ಆದ್ದರಿಂದ ಊರು ‘ಬೆಂದಕಾಳೂರು’ ಆಯಿತು ಎಂದು. ಕಥೆ ಸೊಗಸಾಗಿದೆ. ದೊರೆಯ ಹಸಿವಿಗೂ ಬಡವಿಯ ಔದಾರ್ಯಕ್ಕೂ ನಡುವೆ ಒಂದು ಊರು ಹುಟ್ಟಿತೆಂಬುದು ಯಾರಿಗೆ ತಾನೆ ಪ್ರಿಯವಾಗದು? ಆದರೆ ವೀರಬಲ್ಲಾಳನ ಆಳ್ವಿಕೆ ಮೊದಲಾದುದು ೧೨ನೆಯ ಶತಮಾನದ ಕೊನೆಯ ಭಾಗದಲ್ಲಿ. ಬೇಗೂರಿನ ದೇವಾಲಯದಲ್ಲಿರುವ, ಕ್ರಿ.ಶ. ೮೯೦ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವ ಹಳಗನ್ನಡ ಶಾಸನವೊಂದು ಅದಾಗಲೇ ‘ಬೆಂಗಳೂರ ಕಾಳೆಗ’ವನ್ನು ಹೆಸರಿಸುತ್ತದೆ. ಬಲ್ಲಾಳ ಹುಟ್ಟುವುದಕ್ಕೆ ಎರಡೂವರೆ ಶತಮಾನಕ್ಕೂ ಹಿಂದೆಯೇ ಬೆಂಗಳೂರೆಂಬ ಊರಿತ್ತು. ಅಲ್ಲಿ ಜನರು ಹೊಡೆದಾಡಿ ಸತ್ತಿದ್ದರು. ೧೫೩೭ರಲ್ಲಿ ಕೆಂಪೇಗೌಡರು ಕೋಟೆ ಪೇಟೆಗಳನ್ನು ಕಟ್ಟಿಸಿದಾಗ ಹಳೆಯ ಹೆಸರೊಂದು ಹೊಸ ನೆಲೆಯನ್ನು ಪಡೆಯಿತೆಂದು ಹೇಳಬೇಕೇ ಹೊರತು, ಹೆಸರು ಆಗ ಹುಟ್ಟಿತೆಂದಲ್ಲ.

ಬೇಗೂರಿನ ಈ ಶಾಸನವನ್ನು ಓದಿ ಮುಗಿಸಿದವರು ಅಲ್ಲಿಂದ ನೇರವಾಗಿ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬರಬೇಕು. ಏಕೆಂದರೆ ಬೇಗೂರಿನ ಇನ್ನೊಂದು ಕಲ್ಲು ಅಲ್ಲಿದೆ. ಅದೊಂದು ವೀರಗಲ್ಲು. ಗಂಗ ದೊರೆ ಎಱೆಯಪ್ಪನ ಕಾಲದಲ್ಲಿ, ಬೀರಮಹೇಂದ್ರನೊಡನೆ ನಡೆದ ಯುದ್ಧದಲ್ಲಿ ನಾಗತ್ತರನೆಂಬ ನಾಯಕ ತುಂಬೆಪಾಡಿಯ ಬಳಿ ಕಾದಿ ಮಡಿದನೆಂದೂ, ಅವನ ಪದವಿಯನ್ನು ಇರುಗನೆಂಬುವನಿಗೆ ಕಟ್ಟಿ, ಬೇಗೂರು ಮೊದಲಾದ ೧೨ ಊರುಗಳ ‘ಬೆಂಪೂರು ಪನ್ನೆರಡ’ನ್ನು ಕೊಡಲಾಯಿತೆಂದೂ ಅದು ತಿಳಿಸುತ್ತದೆ. ಅಕ್ಷರಗಳ ಜೊತೆಯಲ್ಲಿ ಆನೆ, ಕುದುರೆ, ಬಿಲ್ಲಾಳುಗಳು ಕಿಕ್ಕಿರಿದ ರಣರಂಗವನ್ನೇ ಶಿಲ್ಪಿ ಬಿಡಿಸಿದ್ದಾನೆ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ ಎಂದು ಮೂರು ನೆಲೆಗಳಿರುತ್ತವೆ. ಇಲ್ಲಿ ಕಾಳಗವೇ ಕಣ್ಣನ್ನು ತುಂಬಿಕೊಳ್ಳುತ್ತದೆ.

ಈ ಎರಡು ಕಲ್ಲುಗಳನ್ನು ಒಂದೇ ಹಗಲಿನಲ್ಲಿ ನೋಡಬೇಕೆಂದು ಹೇಳುವುದಕ್ಕೆ ಕಾರಣವಿದೆ. ವಸ್ತುಸಂಗ್ರಹಾಲಯದ ಕಲ್ಲು ಸುರಕ್ಷಿತವಾಗಿದೆ. ಅದರ ಮೇಲೆ ಮಳೆ ಸುರಿಯುವುದಿಲ್ಲ, ಯಾರೂ ಬಟ್ಟೆ ಒಗೆಯುವುದಿಲ್ಲ. ಆದರೆ ಅದು ತನ್ನ ಹೊಲವನ್ನು, ತನ್ನ ಕೆರೆಯನ್ನು, ತಾನು ಹೆಸರಿಸುವ ಊರುಗಳನ್ನು ಕಳೆದುಕೊಂಡಿದೆ. ಬೇಗೂರಿನ ಕಲ್ಲಿಗೆ ನೆಲವಿದೆ, ರಕ್ಷೆ ಕಡಿಮೆ. ಒಂದನ್ನು ಮಾತ್ರ ನೋಡಿದವನಿಗೆ ನಾಗತ್ತರನು ವಿಗ್ರಹವಾಗಿಯೋ ಹೆಸರಾಗಿಯೋ ಉಳಿದಾನು. ಎರಡನ್ನೂ ನೋಡಿದವನಿಗೆ ಅವನು ಈ ಕೆರೆಯ ನೀರು ಕುಡಿದ, ಈ ನಾಡಿಗಾಗಿ ಸತ್ತ ಮನುಷ್ಯನಾಗುತ್ತಾನೆ. ಪ್ರವಾಸವೆಂಬುದು ಪುಸ್ತಕಕ್ಕಿಂತ ಹೆಚ್ಚಿನದೇನನ್ನಾದರೂ ಕೊಡುವುದಾದರೆ ಅದು ಇದೇ.

ನಗರದವರು ಹಳ್ಳಿಯ ಕಡೆಗೆ ಹೋಗುವುದು ಒಂದು ಬಗೆಯ ವಿಹಾರವಾದರೆ, ಹಳ್ಳಿಯವರು ಒಂದು ಹಗಲಿಗೆ ನಗರಕ್ಕೆ ಬರುವುದು ಇನ್ನೊಂದು ಬಗೆಯದು. ಜಾತ್ರೆ, ಸಂತೆ, ಪರಿಷೆಗಳೆಲ್ಲ ಈ ಎರಡನೆಯ ಬಗೆಗೆ ಸೇರಿದವು. ಇವು ಮೊದಲನೆಯದಕ್ಕಿಂತ ಹಳೆಯವು. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯನ್ನು ನೋಡಿ. ಸುತ್ತಲಿನ ರೈತರ ಬೆಳೆಯನ್ನು ಬಸವವೊಂದು ರಾತ್ರಿ ಬಂದು ಮೇಯುತ್ತಿತ್ತು, ಅದಕ್ಕೆ ಗುಡಿ ಕಟ್ಟಿ ಮೊದಲ ಬೆಳೆಯನ್ನು ಒಪ್ಪಿಸಿದ ಮೇಲೆ ಕಾಟ ನಿಂತಿತು ಎಂಬುದು ಐತಿಹ್ಯ. ಗುಡಿಯನ್ನು ಕೆಂಪೇಗೌಡರ ಹೆಸರಿಗೆ ಸೇರಿಸುವುದೂ ಉಂಟು. ಆದರೆ ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಯುರೋಪಿನ ಹಡಗುಗಳು ಅತ್ತ ಹೋಗಿ ಬರತೊಡಗಿದ ಮೇಲೆ ಅದು ನಮ್ಮ ಕಡೆಗೆ ಬಂತು. ಹೊಲಹೊಲದ ಬೆಳೆಯಾಗುವುದಕ್ಕೆ ಇನ್ನೂ ಕಾಲ ಹಿಡಿಯಿತು. ೧೫೩೭ರ ಆಸುಪಾಸಿನಲ್ಲಿ ಈ ಕೆಮ್ಮಣ್ಣಿನಲ್ಲಿ ಕಡಲೆಕಾಯಿ ರಾಶಿ ಬಿದ್ದಿರಲು ಸಾಧ್ಯವಿಲ್ಲ. ಹಾಗೆಂದು ಪರಿಷೆ ಸುಳ್ಳಾಗುವುದಿಲ್ಲ. ಸುಗ್ಗಿಯ ಮೊದಲ ಫಲವನ್ನು ಬಸವನಿಗೆ ಒಪ್ಪಿಸುವ ಪದ್ಧತಿ ಹಳೆಯದಿರಬಹುದು. ಅದರೊಳಕ್ಕೆ ಹೊಸ ಬೆಳೆಯೊಂದು ಬಂದು ಕುಳಿತಿತು. ಹೊರದೇಶದ ಕಾಯಿ ನಮ್ಮ ದೇವರ ನೈವೇದ್ಯವಾಗಿ, ಐತಿಹ್ಯವನ್ನೂ ಸಂಪಾದಿಸಿಕೊಂಡಿತು. ಸಂಸ್ಕೃತಿಯೆಂಬುದು ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ರುಚಿಯಾದ ಪಾಠ ಬೇಕೆ?

ಚೈತ್ರ ಹುಣ್ಣಿಮೆಯ ಕರಗವೂ ಅಂತಹುದೇ. ತಿಗಳರ ಕುಲೋತ್ಸವವಾದ ಇದು ಧರ್ಮರಾಯನ ಗುಡಿಯಿಂದ ಹೊರಟು ಪೇಟೆಯ ಬೀದಿಗಳನ್ನು ಬಳಸಿ, ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆ. ತಿಗಳರು ತೋಟಗಾರರು, ತೋಟಕ್ಕೆ ಕೆರೆ ಬೇಕು, ಆದ್ದರಿಂದ ಕರಗದ ಆಚರಣೆ ಸಂಪಂಗಿ ಕೆರೆಯೊಡನೆ ಹೆಣೆದುಕೊಂಡಿತ್ತು. ಆ ಕೆರೆಯಂಗಳದ ಬಹುಭಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕರಗದ ಸಲುವಾಗಿ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಕರಗವನ್ನು ನೋಡಲು ಬರುವವರು ಆ ಕೊಳವನ್ನೂ ನೋಡಿ ಹೋಗಬೇಕು. ನಗರವೊಂದು ತನ್ನ ನೀರನ್ನು ಎಷ್ಟರಮಟ್ಟಿಗೆ ಮರೆಯಿತು, ಹಬ್ಬವೊಂದು ಅದನ್ನು ಎಷ್ಟರಮಟ್ಟಿಗೆ ನೆನಪಿನಲ್ಲಿಟ್ಟಿತು ಎಂಬುದರ ಅಳತೆ ಅಲ್ಲಿದೆ.

ಇನ್ನು ಗಾವುದದ ಗೆರೆಯನ್ನು ದಾಟೋಣ. ನಂದಿ ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರ್. ಅಂದರೆ ಮೂರು ಗಾವುದ. ನಡೆದು ಹೋಗುವವನಿಗೆ ಇದು ಒಂದು ಹಗಲಿನ ಮಾತಲ್ಲ. ಎತ್ತಿನ ಗಾಡಿಯಲ್ಲಿ ಹೋದರೂ ರಾತ್ರಿ ತಂಗಲೇಬೇಕು. ೧೯೧೫ರಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಕಿರಿದಾದ ಹಳಿಗಳ ರೈಲುಮಾರ್ಗವಾಯಿತು. ಯಲಹಂಕ, ದೇವನಹಳ್ಳಿ, ನಂದಿ ಎಂದು ನಿಲ್ಲುತ್ತ ಹೋಗುವ ಆ ಪುಟ್ಟ ರೈಲು ನಂದಿಯ ಬುಡವನ್ನು ನಗರದ ಹತ್ತಿರಕ್ಕೆ ಎಳೆದು ತಂದಿತು. ಮುಂದೆ ಬಸ್ಸು ಬಂತು, ಕಾರು ಬಂತು. ವರ್ತುಲ ಹಿಗ್ಗಿತು.

ಸ್ವಾರಸ್ಯವೇನೆಂದರೆ, ಈ ರೈಲುದಾರಿ ಬೆಂಗಳೂರನ್ನು ಅದರ ತವರಿಗೇ ಕೊಂಡೊಯ್ಯುತ್ತದೆ. ದೇವನಹಳ್ಳಿಗೂ ನಂದಿಗೂ ನಡುವೆ ಆವತಿ ಎಂಬ ಹಳ್ಳಿಯಿದೆ. ಕಂಚಿಯ ಕಡೆಯಿಂದ ವಲಸೆ ಬಂದ ಮೊರಸು ಒಕ್ಕಲಿಗರ ಕುಟುಂಬವೊಂದು ಇಲ್ಲಿ ನೆಲೆ ನಿಂತಿತು. ಅದರ ಕವಲುಗಳೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಯಲಹಂಕಗಳ ಪ್ರಭುಮನೆತನಗಳಾದವು ಎಂಬುದು ಪರಂಪರೆಯ ಹೇಳಿಕೆ. ಯಲಹಂಕದ ಕವಲಿನಲ್ಲಿ ಹುಟ್ಟಿದವರು ಕೆಂಪೇಗೌಡರು. ದೇವನಹಳ್ಳಿಯಲ್ಲಿ ೧೫೦೧ರಲ್ಲಿ ಮಲ್ಲಬೈರೇಗೌಡ ಮಣ್ಣಿನ ಕೋಟೆ ಕಟ್ಟಿಸಿದನೆನ್ನುತ್ತಾರೆ. ಈಗ ಕಾಣುವ ಕಲ್ಲಿನ ಕೋಟೆ ಹೈದರ್ ಟಿಪ್ಪುಗಳ ಕಾಲದ್ದು. ಟಿಪ್ಪು ಹುಟ್ಟಿದ್ದೂ ಈ ಊರಿನಲ್ಲೇ. ವಿಮಾನ ಹಿಡಿಯುವ ಆತುರದಲ್ಲಿ ಈ ದಾರಿಯಾಗಿ ಸಾಗುವವರಲ್ಲಿ ಆವತಿಯ ಹೆಸರು ಕೇಳಿದವರು ಎಷ್ಟು ಮಂದಿ!

ಇನ್ನೊಂದು ಸಂಗತಿ. ಇಂದು ಬೆಟ್ಟ ಹತ್ತುವ ಹವ್ಯಾಸದ ತರುಣರು ನಂದಿ, ಸಾವನದುರ್ಗ, ಹುತ್ರಿದುರ್ಗ ಎಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಇದೇ ಪಟ್ಟಿ ೧೭೯೧ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಮೇಜಿನ ಮೇಲೂ ಇತ್ತು. ಆ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಅವನ ವಶವಾಯಿತು. ಆದರೆ ಸುತ್ತಲಿನ ದುರ್ಗಗಳು ಟಿಪ್ಪುವಿನ ಕೈಯಲ್ಲಿರುವತನಕ ಶ್ರೀರಂಗಪಟ್ಟಣದ ಕಡೆಗೆ ದವಸಧಾನ್ಯ ಸಾಗಿಸುವುದು ಕ್ಷೇಮವಿರಲಿಲ್ಲ. ಆದ್ದರಿಂದ ಅಕ್ಟೋಬರಿನಲ್ಲಿ ನಂದಿ, ಡಿಸೆಂಬರಿನಲ್ಲಿ ಸಾವನದುರ್ಗ ಮತ್ತು ಹುತ್ರಿದುರ್ಗ ಬಿದ್ದವು. ಎತ್ತರದಿಂದ ದಾರಿಯೆಲ್ಲ ಕಾಣುತ್ತದೆಂಬ ಯಾವ ಗುಣಕ್ಕಾಗಿ ಸೈನಿಕರು ಆ ಬೆಟ್ಟಗಳನ್ನು ಆರಿಸಿದರೋ ಅದೇ ಗುಣಕ್ಕಾಗಿ ನಾವು ಅಲ್ಲಿಗೆ ಹೋಗುತ್ತೇವೆ. ಅವರು ದಾರಿ ಕಾಯಲು ನಿಂತ ಬುರುಜಿನಲ್ಲಿ ನಾವು ಮೋಡ ನೋಡಲು ನಿಲ್ಲುತ್ತೇವೆ.

ನಂದಿಯಲ್ಲಿ ಮೋಡವನ್ನಷ್ಟೇ ನೋಡಿ ಬರುವುದು ನಷ್ಟದ ಬಾಬು. ಬೆಟ್ಟದ ತಪ್ಪಲಿನ ಭೋಗನಂದೀಶ್ವರ ದೇವಾಲಯ ೯ನೆಯ ಶತಮಾನದ ಆರಂಭದ ಶಾಸನಗಳಲ್ಲೇ ಉಲ್ಲೇಖಗೊಂಡಿದೆ. ಬಾಣ ಅರಸನ ರಾಣಿ ರತ್ನಾವಳಿಯ ಹೆಸರು ಅದರೊಡನೆ ಕೂಡಿಕೊಂಡಿದೆ. ನೊಳಂಬರ ಕಾಲದಿಂದ ವಿಜಯನಗರದವರೆಗೆ ಒಂದೊಂದು ಕಾಲದವರೂ ಒಂದೊಂದನ್ನು ಸೇರಿಸುತ್ತ ಹೋದ ಆವರಣದಲ್ಲಿ ಅರ್ಧ ಹಗಲು ಕಳೆಯಬಹುದು. ಕೆಳಗೆ ಭೋಗನಂದಿ, ಬೆಟ್ಟದ ಮೇಲೆ ಯೋಗನಂದಿ. ಹೆಸರಿಟ್ಟವರು ಹತ್ತುವವನಿಗೆ ಅರ್ಥವನ್ನೂ ಕೊಟ್ಟಿದ್ದಾರೆ. ಬ್ರಿಟಿಷ್ ಅಧಿಕಾರಿಗಳಿಗೆ ಇದು ಬೇಸಗೆಯ ತಂಪಿನ ನೆಲೆಯಾಯಿತು. ೧೯೨೭ರಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿ ವಿಶ್ರಾಂತಿಗಾಗಿ ಇಲ್ಲಿ ತಂಗಿದ್ದರು. ೧೯೩೬ರಲ್ಲಿ ಮತ್ತೊಮ್ಮೆ ಬಂದರು.

ಈಗ ಮೊದಲಿನ ಗಾವುದಕ್ಕೆ ಹಿಂದಿರುಗಬೇಕು. ಏಕೆಂದರೆ ಆತಂಕದ ಸಂಗತಿಯಿರುವುದು ಅಲ್ಲಿ. ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ ಎಂಟು ಪಟ್ಟಣಗಳೂ ೧೧೦ ಹಳ್ಳಿಗಳೂ ನಗರದೊಳಕ್ಕೆ ಬಂದವು. ಬುತ್ತಿ ಕಟ್ಟಿಕೊಂಡು ಹೋಗಬೇಕಾಗಿದ್ದ ಬೇಗೂರು ಈಗ ನಗರದ ಒಂದು ಬಡಾವಣೆ. ಬಿ.ಎಲ್. ರೈಸ್ ಅವರು ೧೯೦೫ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದಾಗ, ಕಲ್ಲುಗಳ ನೆಲೆಯನ್ನು ಇಂತಹ ಊರಿನ ಹೊಲದಲ್ಲಿ, ಇಂತಹ ಕೆರೆಯ ಕೋಡಿಯಲ್ಲಿ ಎಂದು ಗುರುತಿಸಿದ್ದರು. ಹೊಲ ನಿವೇಶನವಾದಾಗ, ಕೋಡಿ ರಸ್ತೆಯಾದಾಗ ಕಲ್ಲು ಎಲ್ಲಿ ಹೋಗಬೇಕು? ಅಡಿಪಾಯಕ್ಕೆ ಹೋದವು, ಚಪ್ಪಡಿಯಾಗಿ ಹೋದವು. ಸಂಪುಟದಲ್ಲಿ ಪಾಠವಿದ್ದು ನೆಲದ ಮೇಲೆ ಕಲ್ಲೇ ಇಲ್ಲದ ಶಾಸನಗಳು ಅನೇಕ.

ಆದರೂ ಸಮಾಧಾನಕ್ಕೆ ಒಂದು ಸಂಗತಿಯಿದೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆಂದು ನೆಲ ಅಗೆಯುತ್ತಿದ್ದಾಗ ಒಂದು ಕಲ್ಲು ಮೇಲೆ ಬಂತು. ಕ್ರಿ.ಶ. ೭೫೦ರ ಸುಮಾರಿನ, ಗಂಗ ಶ್ರೀಪುರುಷನ ಆಳ್ವಿಕೆಯ ವೀರಗಲ್ಲು ಅದು. ಪೆರ್ಬೊಳಲ್‌ನಾಡಿನ ಮೇಲೆ ರಾಷ್ಟ್ರಕೂಟರ ದಾಳಿಯಾದಾಗ ಕಿತ್ತಯ್ಯನೆಂಬುವನು ಹೋರಾಡಿ ಮಡಿದನೆಂದು ಅದು ಸಾರುತ್ತದೆ. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ಬೆಂಗಳೂರಿನ ಸುತ್ತ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದ್ದು. ಬೇಗೂರಿನ ಕಾಳೆಗದ ಶಾಸನಕ್ಕೂ ಸುಮಾರು ೧೪೦ ವರ್ಷ ಹಿಂದಿನದು. ಅದನ್ನು ಗುರುತಿಸಿ ಉಳಿಸಿಕೊಂಡವರು ದೊಡ್ಡ ಪಂಡಿತರಲ್ಲ. ಶಾಸನಗಳನ್ನು ಹುಡುಕುತ್ತ ರಜೆಯ ದಿನಗಳಲ್ಲಿ ಊರೂರು ತಿರುಗುವ ಆಸಕ್ತ ನಾಗರಿಕರು ಮತ್ತು ಆ ಊರಿನವರು.

ಒಂದು ಹಗಲಿನ ಪ್ರವಾಸದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಇದೇ ಉತ್ತರ. ಜನ ಬಂದು ನೋಡುತ್ತಾರೆಂದು ಗೊತ್ತಾದ ಕಲ್ಲನ್ನು ಅಡಿಪಾಯಕ್ಕೆ ಹಾಕಲು ಕೈ ಹಿಂಜರಿಯುತ್ತದೆ. ‘ಇದರಲ್ಲಿ ಏನು ಬರೆದಿದೆ ಸ್ವಾಮಿ?’ ಎಂದು ಊರಿನ ಹುಡುಗನೊಬ್ಬ ಕೇಳಿ, ಬಂದವರಲ್ಲಿ ಒಬ್ಬರಾದರೂ ಓದಿ ಹೇಳಿದರೆ, ಆ ಕಲ್ಲಿಗೆ ಊರಿನೊಳಗೇ ಒಬ್ಬ ಕಾವಲುಗಾರ ದೊರೆತಂತೆ. ಮುಂದಿನ ಭಾನುವಾರ ಮೂರು ಗಾವುದ ಹೋಗುವವರು ಹೋಗಲಿ. ಆದರೆ ಅದಕ್ಕೆ ಮೊದಲು ತಮ್ಮ ಬಡಾವಣೆಗೆ ಹೆಸರು ಕೊಟ್ಟ ಹಳ್ಳಿ ಯಾವುದು, ಅದರ ಗುಡಿ ಎಲ್ಲಿದೆ, ಗುಡಿಯ ಮುಂದಿನ ಕಲ್ಲಿನಲ್ಲಿ ಯಾರ ಹೆಸರಿದೆ ಎಂದು ಒಂದು ಬೆಳಗು ನಡೆದು ನೋಡಿ ಬರಲಿ. ಅದಕ್ಕೆ ಬುತ್ತಿಯೂ ಬೇಡ, ಬಂಡಿಯೂ ಬೇಡ.