ತಟ್ಟೆಯ ಮೇಲೆ ಉಳಿದ ರಂಗಭೂಮಿ

ಹತ್ತು ನಿಮಿಷದ ಒಂದೇ ಹಾಸ್ಯಪ್ರಸಂಗವನ್ನು ನೆಚ್ಚಿಕೊಂಡು ವರ್ಷಗಟ್ಟಲೆ ಜೀವನ ಸಾಗಿಸುವುದು ಸಾಧ್ಯವೆ? ಅಮೆರಿಕದ ‘ವಾಡ್‌ವಿಲ್’ ರಂಗದಲ್ಲಿ ಸಾಧ್ಯವಿತ್ತು. ವಾಡ್‌ವಿಲ್ ಎಂದರೆ ನಾಟಕವಲ್ಲ. ಗಾಯಕ, ನರ್ತಕಿ, ಜಾದೂಗಾರ, ಹಾಸ್ಯದ ಜೋಡಿ, ಹೀಗೆ ಒಬ್ಬರಾದ ಮೇಲೊಬ್ಬರು ಬಂದು ತಮ್ಮ ವಿದ್ಯೆ ತೋರಿಸಿ ಹೋಗುವ ವಿನೋದಾವಳಿ. ವಾರಕ್ಕೊಂದು ಊರು. ಪ್ರೇಕ್ಷಕರು ಹೊಸಬರಾದ್ದರಿಂದ ಹಳೆಯ ಸರಕೇ ನಡೆಯುತ್ತಿತ್ತು.

ವಾರ್ನರ್ ಸಹೋದರರು 1926ರ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ‘ವೈಟಾಫೋನ್’ ಪ್ರದರ್ಶಿಸಿದರು. ಅಂದಿನ ಕಿರುಚಿತ್ರಗಳಲ್ಲಿ ಹೆಚ್ಚಿನವು ಘನಸಂಗೀತದವು. ನಡುವೆ ರಾಯ್ ಸ್ಮೆಕ್ ಎಂಬ ವಾಡ್‌ವಿಲ್ ವಾದಕನೂ ಇದ್ದನು. ಆಮೇಲೆ ಇಂಥ ಕಲಾವಿದರ ಸಾಲೇ ಬಂದಿತು.

ಧ್ವನಿ ಫಿಲ್ಮಿನ ಮೇಲಿರಲಿಲ್ಲ. 16 ಅಂಗುಲದ ಗ್ರಾಮಫೋನ್ ತಟ್ಟೆಯ ಮೇಲಿತ್ತು. ಮುಳ್ಳು ನಡುವಿನಿಂದ ಅಂಚಿಗೆ ಚಲಿಸುತ್ತಿತ್ತು. ಒಂದು ರೀಲಿಗೆ ಒಂದು ತಟ್ಟೆ, ಸುಮಾರು 10 ನಿಮಿಷ: ವಾಡ್‌ವಿಲ್ ಪ್ರಸಂಗಕ್ಕೆ ಅಳೆದು ಮಾಡಿಸಿದಂತೆ! ಫಿಲ್ಮನ್ನು ಕತ್ತರಿಸಿ ಅಂಟಿಸಬಹುದು, ತಟ್ಟೆಯನ್ನು ಹಾಗೆ ಮಾಡಲಾಗದು. ಆದ್ದರಿಂದ ರಂಗದ ಮೇಲಿನಂತೆ ಒಂದೇ ಉಸಿರಿಗೆ ಆಡಿ ಮುಗಿಸಬೇಕಾಗಿತ್ತು. ಕ್ಯಾಮೆರಾ ಸದ್ದು ಮಾಡುತ್ತದೆಂದು ಅದನ್ನು ಗೂಡಿನೊಳಗೆ ಮುಚ್ಚಿಡುತ್ತಿದ್ದರು. ನಗುವವರಂತೂ ಇಲ್ಲ. ಚಪ್ಪಾಳೆಯ ಲಯವನ್ನು ಹಿಡಿದು ಮಾತಾಡಿ ಪಳಗಿದವನಿಗೆ ಆ ಮೌನ ಹೇಗಿದ್ದಿರಬೇಕು! 1929ರ ‘ಲ್ಯಾಂಬ್‌ಚಾಪ್ಸ್’ ಚಿತ್ರದಲ್ಲಿ ಜಾರ್ಜ್ ಬರ್ನ್ಸ್–ಗ್ರೇಸಿ ಆಲನ್ ದಂಪತಿಗಳು ಇದನ್ನೇ ವಿನೋದ ಮಾಡಿದರು. ಬಂದವರೇ ಪ್ರೇಕ್ಷಕರೆಲ್ಲಿ ಎಂದು ಹುಡುಕತೊಡಗುತ್ತಾರೆ.

ಅವರು ಕಳೆದುಕೊಂಡುದು ಇನ್ನೂ ದೊಡ್ಡದು. ವರ್ಷಗಟ್ಟಲೆ ಅನ್ನ ಕೊಟ್ಟ ಪ್ರಸಂಗವನ್ನು ಒಂದು ದಿನದಲ್ಲಿ ತಟ್ಟೆಗೆ ಒಪ್ಪಿಸಿದರೆ, ಕಲಾವಿದ ತಲಪುವ ಮೊದಲೇ ಅದು ಎಲ್ಲ ಊರುಗಳನ್ನೂ ತಲಪುತ್ತಿತ್ತು. ವಾಡ್‌ವಿಲ್‌ನ ಗರ್ಭಗುಡಿಯಂತಿದ್ದ ನ್ಯೂಯಾರ್ಕಿನ ಪ್ಯಾಲೆಸ್ ಥಿಯೇಟರು 1932ರಲ್ಲಿ ಸಿನೆಮಾ ಮಂದಿರವಾಯಿತು.

ಮುಂದೆ ಫಿಲ್ಮು ಒಂದು ಕಡೆ, ತಟ್ಟೆ ಒಂದು ಕಡೆ ಚದುರಿಹೋದವು. ಆಲ್ ಜೋಲ್ಸನ್ನನ 1926ರ ಕಿರುಚಿತ್ರದ್ದು ಮೂಕ ಫಿಲ್ಮು ಸಿಕ್ಕಿತು. ತಟ್ಟೆ ಸಿಕ್ಕಿದಾಗ ಒಡೆದಿತ್ತು, ಚೂರುಗಳನ್ನು ಜೋಡಿಸಿ ಧ್ವನಿ ತೆಗೆದರು. (ಮುಖಕ್ಕೆ ಮಸಿ ಬಳಿದ ಅವನ ಕರಿಯರ ವೇಷ ಇಂದು ಮುಜುಗರ ತರುವಂಥದು, ಕಂಠ ಬೇರೆ ಮಾತು.) 1991ರಲ್ಲಿ ಕೆಲವು ಹವ್ಯಾಸಿಗಳು ‘ವೈಟಾಫೋನ್ ಪ್ರಾಜೆಕ್ಟ್’ ಕಟ್ಟಿಕೊಂಡು ತಟ್ಟೆಗಳನ್ನು ಹುಡುಕಿ ಫಿಲ್ಮುಗಳೊಡನೆ ಕೂಡಿಸಹೊರಟರು.

ಇದನ್ನು ಓದುವಾಗ ಕನ್ನಡಿಗನ ಮನಸ್ಸು ಮನೆಯ ಕಡೆಗೆ ಹೊರಳುತ್ತದೆ. ರಂಗನಟರಾದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಅಭಿನಯಿಸಿದ ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’, ಅದರ ಒಂದು ಪ್ರತಿಯೂ ಉಳಿದಿಲ್ಲ.