ಅಳತೆಗೆ ಹೊಲಿದ ಮೋಟಾರು

ಹಳೆಯ ಮೋಟಾರು ಗಾಡಿಯನ್ನು ಮಾರುವುದು ಅಂಥ ಕಷ್ಟದ ಮಾತೇನಲ್ಲ. ಯಾವ ವರ್ಷದ್ದು, ಎಷ್ಟು ಓಡಿದೆ ಎಂದು ವಿಚಾರಿಸಿ ದಲ್ಲಾಳಿ ಒಂದು ಬೆಲೆ ಹೇಳುತ್ತಾನೆ. ನಾವು ಗೊಣಗುತ್ತ ಒಪ್ಪಿಕೊಳ್ಳುತ್ತೇವೆ. ಆದರೆ ಕಾರ್ಖಾನೆಯಿಂದ ಬಂದ ಗಾಡಿಯನ್ನು ಮನೆಯ ಹಿತ್ತಲಲ್ಲಿ ಕತ್ತರಿಸಿ, ಬೆಸೆದು, ಬೇರೊಂದು ಎಂಜಿನು ಕೂರಿಸಿ ತನ್ನದೇ ಮಾಡಿಕೊಂಡವನು ಅದನ್ನು ಮಾರಲು ಹೊರಟರೆ? ಅಮೆರಿಕದಲ್ಲಿ ಇಂಥ ಗಾಡಿಗೆ ‘ಹಾಟ್ ರಾಡ್’ ಎಂದು ಹೆಸರು. ಅದರ ಮಾರಾಟದ ಚರಿತ್ರೆ ಒಬ್ಬನ ಅಳತೆಗೆ ಹೊಲಿದ ಕೋಟನ್ನು ಇನ್ನೊಬ್ಬನಿಗೆ ತೊಡಿಸುವ ಕಥೆಯಂತಿದೆ. ಹೊಲಿದವನಿಗೆ ಕೂಲಿ ಗಿಟ್ಟಿದ್ದು ಅಪರೂಪ.

ಎಲ್ಲವೂ ಆರಂಭವಾದದ್ದು ಅಗ್ಗದ ಗಾಡಿಯಿಂದ. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಒಂದೂವರೆ ಕೋಟಿ ‘ಮಾಡೆಲ್ ಟಿ’ ಗಾಡಿಗಳನ್ನು ಮಾಡಿ ಅಮೆರಿಕವನ್ನೇ ತುಂಬಿದ. ಆಮೇಲೆ 1932ರ ಮಾರ್ಚಿಯಲ್ಲಿ, ಆರ್ಥಿಕ ಮುಗ್ಗಟ್ಟಿನ ನಟ್ಟನಡುವೆ, ಎಂಟು ಸಿಲಿಂಡರಿನ ‘ವಿ-8’ ಎಂಜಿನನ್ನು ಜನಸಾಮಾನ್ಯರ ಗಾಡಿಗೆ ಅಳವಡಿಸಿದ. 65 ಅಶ್ವಶಕ್ತಿ, ಬೆಲೆ ಸುಮಾರು 460 ಡಾಲರಿನಿಂದ ಮೊದಲು. ಅದುವರೆಗೆ ಎಂಟು ಸಿಲಿಂಡರು ಎಂದರೆ ಸಿರಿವಂತರ ಸೊತ್ತು. ಕೆಲವೇ ವರ್ಷಗಳಲ್ಲಿ ಈ ಗಾಡಿಗಳು ಎರಡನೆಯ, ಮೂರನೆಯ ಕೈಗೆ ಇಳಿದು, ಜೇಬಿನಲ್ಲಿ ಕಾಸಿಲ್ಲದ ಹುಡುಗರಿಗೂ ಎಟುಕುವಂತಾದವು.

ದಕ್ಷಿಣ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಮ್ಯುರಾಕ್ ಮೊದಲಾದ ಒಣಗಿದ ಸರೋವರಗಳಿವೆ. ಮೈಲಿಗಟ್ಟಲೆ ಚಪ್ಪಟೆ ನೆಲ. ಹುಡುಗರು ಅಲ್ಲಿ ಓಟದ ಪಂದ್ಯ ಕಟ್ಟಿದರು. ಬಿ.ಎಸ್‌ಸಿ. ತರಗತಿಯಲ್ಲಿ ನಾವು ಉರು ಹೊಡೆದ ನ್ಯೂಟನ್ನನ ಎರಡನೆಯ ನಿಯಮವನ್ನು ಅವರು ಕೈಯಿಂದಲೇ ಕಲಿತರು: ಬಲ ಅಷ್ಟೇ ಇದ್ದು ತೂಕ ಕಡಿಮೆಯಾದರೆ ವೇಗ ಬೇಗ ಏರುತ್ತದೆ. ಅದಕ್ಕಾಗಿ ಮಡ್‌ಗಾರ್ಡು ಬಿಚ್ಚಿದರು. ಗಾಳಿಯ ತಡೆ ತಗ್ಗಲೆಂದು ಮಾಡನ್ನು ಕತ್ತರಿಸಿ ಕೆಳಗಿಳಿಸಿದರು. 1937ರಲ್ಲಿ ಇವರ ಕ್ಲಬ್ಬುಗಳೆಲ್ಲ ಸೇರಿ ‘ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ ಆಯಿತು. ಯುದ್ಧ ಮುಗಿದ ಮೇಲೆ, 1948ರ ಜನವರಿಯಲ್ಲಿ, ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಪತ್ರಿಕೆಯ ಮೊದಲ ಸಂಚಿಕೆ ಹೊರಡಿಸಿದರು. ಲಾಸ್ ಏಂಜಲಿಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆದದ್ದೂ ಅದೇ ತಿಂಗಳು.

ಇನ್ನು ಮಾರಾಟಕ್ಕೆ ಬರೋಣ. 1972ರಲ್ಲಿ ಜಾರ್ಜ್ ಲೂಕಸ್ ತಮ್ಮ ‘ಅಮೆರಿಕನ್ ಗ್ರಾಫಿಟಿ’ ಚಿತ್ರಕ್ಕಾಗಿ 1932ರ ಫೋರ್ಡ್ ಕೂಪೆಯೊಂದನ್ನು ಹುಡುಕಿಸಿದರು. ಯಾರೋ ಕಟ್ಟಿದ್ದ ಕೆಂಪು ಗಾಡಿ ಸುಮಾರು 1,300 ಡಾಲರಿಗೆ ಸಿಕ್ಕಿತು. ಅದಕ್ಕೆ ಹಳದಿ ಬಣ್ಣ ಬಳಿದರು. 1973ರಲ್ಲಿ ಚಿತ್ರ ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ಆದರೆ ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋದವರು ಗಾಡಿಗೆ 1,500 ಡಾಲರು ಬೆಲೆ ಕಟ್ಟಿದಾಗ ಕೊಳ್ಳುವವರೇ ಇರಲಿಲ್ಲ! 1979ರ ಎರಡನೆಯ ಭಾಗದಲ್ಲಿ ಅದೇ ಗಾಡಿಯನ್ನು ಮತ್ತೆ ಬಳಸಿ, ನಮ್ಮ ಕಚೇರಿಗಳು ಮುರುಕು ಕುರ್ಚಿ ವಿಲೇವಾರಿ ಮಾಡುವಂತೆ ಮೊಹರು ಹಾಕಿದ ಟೆಂಡರು ಕರೆದರು. ಕಾನ್ಸಾಸ್‌ನ ಒಬ್ಬರಿಗೆ ಹೋಯಿತು. 1985ರಲ್ಲಿ ಅವರಿಂದ ಸ್ಯಾನ್ ಫ್ರಾನ್ಸಿಸ್ಕೋದ ತರುಣರೊಬ್ಬರಿಗೆ. ಆ ಚಿತ್ರ ನೋಡಿ ಹಾಟ್ ರಾಡಿಗೆ ಮರುಳಾದವರಿಗೆ ಲೆಕ್ಕವಿಲ್ಲ. ಮೊದಲು ಕಟ್ಟಿದವನ ಹೆಸರನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಗಾಡಿಯ ಕಥೆ ಇದಕ್ಕಿಂತ ಮನ ಕಲಕುವಂಥದು. ವೇಗಕ್ಕಲ್ಲದೆ ಚೆಲುವಿಗಾಗಿ ಮಾರ್ಪಡಿಸಿದ್ದರಿಂದ ಬಲ್ಲವರು ಇದನ್ನು ಹಾಟ್ ರಾಡ್ ಎನ್ನದೆ ‘ಕಸ್ಟಮ್’ ಎನ್ನುತ್ತಾರೆ. ನಮಗೆ ಎರಡೂ ಸೋದರ ಸಂಬಂಧಿಗಳೇ. ಜಪಾನಿ ಮೂಲದ ಬಾಬ್ ಹಿರೋಹಾಟಾ 1952ರಲ್ಲಿ ತನ್ನ 1951ರ ಮರ್ಕ್ಯುರಿ ಗಾಡಿಯನ್ನು ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸೋದರರ ಕೈಗಿತ್ತ. ಅವರು ಮಾಡನ್ನು ಇಂಚುಗಟ್ಟಲೆ ಕತ್ತರಿಸಿ, ನಡುಕಂಬ ತೆಗೆದು, ಹಸಿರಿನ ಎರಡು ಛಾಯೆ ಬಳಿದರು. ಪತ್ರಿಕೆಗಳು ಹೊಗಳಿದವು, ಬಹುಮಾನಗಳು ಬಂದವು. ಆದರೂ ಕೆಲವೇ ವರ್ಷಗಳಲ್ಲಿ ಅದು ಹಳೆಯ ಫ್ಯಾಷನ್ನಾಗಿ ಕೈ ಬದಲಾಯಿಸಿತು. 1959ರಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗನೊಬ್ಬ ಕೇವಲ 500 ಡಾಲರಿಗೆ ಕೊಂಡ, ಸಾಯುವವರೆಗೂ ಮಾರಲಿಲ್ಲ. 2022ರ ಜನವರಿಯಲ್ಲಿ ಅವನ ಕುಟುಂಬದವರು ಫ್ಲಾರಿಡಾದಲ್ಲಿ ಹರಾಜಿಗಿಟ್ಟಾಗ ಸುತ್ತಿಗೆ ಬಿದ್ದದ್ದು 19.5 ಲಕ್ಷ ಡಾಲರಿಗೆ. ಹರಾಜುದಾರರ ದಸ್ತೂರಿ ಸೇರಿ 21.45 ಲಕ್ಷ. ಸ್ಯಾಮ್ 1967ರಲ್ಲೇ ತೀರಿಕೊಂಡಿದ್ದ, ಹಿರೋಹಾಟಾ 1981ರಲ್ಲಿ, ಜಾರ್ಜ್ 2015ರಲ್ಲಿ.

ಇಂಥ ಹೆಸರಿಲ್ಲದ ಸಾಮಾನ್ಯ ಹಾಟ್ ರಾಡಿನ ಗತಿಯೇ ಬೇರೆ. ಎಂಜಿನಿಗಿಷ್ಟು, ಬಣ್ಣಕ್ಕಿಷ್ಟು, ನೂರಾರು ರಾತ್ರಿಗಳ ಶ್ರಮಕ್ಕಿಷ್ಟು ಎಂದು ಮಾರುವವನು ಕೂಡಿಸುತ್ತಾನೆ. ಕೊಳ್ಳುವವನಿಗೆ ಆ ರಾತ್ರಿಗಳು ಕಾಣುವುದಿಲ್ಲ. ಈ ಬಣ್ಣ ತನಗೆ ಹಿಡಿಸೀತೆ, ಆ ಬೆಸುಗೆ ಗಟ್ಟಿಯೆ ಎಂದಷ್ಟೇ ನೋಡುತ್ತಾನೆ.

ಕಾಗದಪತ್ರಗಳ ಮಾತೂ ಇದೆ. ಗುಮಾಸ್ತರಾದ ನಮಗೆ ಇದೇ ಹೆಚ್ಚು ಸ್ವಾರಸ್ಯ. 1932ರ ಫೋರ್ಡಿನ ಚಾಸಿ ಒಂದೆಡೆಯದು, ಎಂಜಿನು 1960ರ ದಶಕದ ಷೆವರ್ಲೆಯದು, ಮೈ ಹೊಸದಾಗಿ ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ದದ್ದು ಎಂದಾದರೆ, ಆ ಗಾಡಿ ಯಾವ ವರ್ಷದ್ದು? ಕ್ಯಾಲಿಫೋರ್ನಿಯಾದವರು ಒಂದು ಶಾಸನ ಮಾಡಿ, ಹೀಗೆ ಕಟ್ಟಿದ ಗಾಡಿಗಳ ಪೈಕಿ ವರ್ಷಕ್ಕೆ ಮೊದಲ 500ಕ್ಕೆ ಮಾತ್ರ, ಹೊಗೆ ಪರೀಕ್ಷೆಯ ಮಟ್ಟಿಗೆ, ಯಾವ ಕಾಲದ ಗಾಡಿಯನ್ನು ಹೋಲುತ್ತದೋ ಆ ಕಾಲದ್ದೆಂದು ಪರಿಗಣಿಸುವ ಸವಲತ್ತು ಕೊಟ್ಟರು.

ನಮ್ಮಲ್ಲಿ ಹಾಗಿಲ್ಲ. ಕುರ್ಲಾದ ಗಲ್ಲಿಗಳಲ್ಲಿ ತಗಡು ಬಡಿಯುವ ಮೇಸ್ತ್ರಿಗಳ ಕೈಚಳಕ ಬ್ಯಾರಿಸ್ ಸೋದರರಿಗೆ ಕಡಿಮೆಯದೆಂದು ನಮಗೇನೂ ಅನ್ನಿಸಿಲ್ಲ. ಆದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ‘ವಿಂಟೇಜ್’ ಗಾಡಿಗಳಿಗೆಂದು ಹೊಸ ನಿಯಮ ತಂದಿತು: ನೋಂದಣಿಗೆ 20,000 ರೂಪಾಯಿ, ಸಂಖ್ಯೆಯಲ್ಲಿ ‘ವಿಎ’ ಎಂಬ ಗುರುತು, ಮಾರಾಟಕ್ಕೂ ಅನುಮತಿ. ಷರತ್ತು ಒಂದೇ: ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಆ ಹಳದಿ ಕೂಪೆ ಇಲ್ಲಿಗೆ ಬಂದರೆ, ತೊಂಬತ್ತು ದಾಟಿದ ವಯಸ್ಸಿದ್ದರೂ, ಅದಕ್ಕೆ ‘ವಿಎ’ ಸಿಗಲಾರದು.